ನಡುವಯಸ್ಸಿನ ಹಾಡು

ಜಪಾನಿನ ಪಟ್ಟಣಗಳಲ್ಲಿ ರೈಲು ನಿಲ್ದಾಣದ ಸಮೀಪದ ಓಣಿಗಳನ್ನು ಹೊಕ್ಕರೆ, ಹತ್ತು ಹನ್ನೆರಡು ಜನ ಮಾತ್ರ ಕುಳಿತುಕೊಳ್ಳಬಹುದಾದ ಸಣ್ಣ ಪಾನಗೃಹಗಳು ಕಾಣಸಿಗುತ್ತವೆ. ಇವಕ್ಕೆ ಅಲ್ಲಿ 'ಸುನಕ್ಕು' ಎಂದು ಹೆಸರು. ಇಂಗ್ಲಿಷಿನ 'ಸ್ನ್ಯಾಕ್' ಎಂಬ ಮಾತೇ ಜಪಾನೀಯರ ನಾಲಗೆಯಲ್ಲಿ ಈ ರೂಪವನ್ನು ತಾಳಿದೆ. ಅಂಗಡಿಯ ಒಡತಿಯನ್ನು ಗಿರಾಕಿಗಳು 'ಮಾಮಾ' ಎಂದು ಕರೆಯುತ್ತಾರೆ. ಕನ್ನಡಿಗರು ಇದನ್ನು ಕೇಳಿ ತಬ್ಬಿಬ್ಬಾಗಬೇಕಾಗಿಲ್ಲ. ಅಲ್ಲಿ ಅದಕ್ಕೆ ಅಮ್ಮ ಎಂದೇ ಅರ್ಥ. ಸಂಜೆ ಕಚೇರಿಯ ಕೆಲಸ ಮುಗಿಸಿ ಬಂದ ಗೃಹಸ್ಥನೊಬ್ಬನು ಮೂಲೆಯ ಪೀಠದಲ್ಲಿ ಕುಳಿತಿದ್ದಾನೆ. ವಯಸ್ಸು ಐವತ್ತನ್ನು ದಾಟಿದೆ. ಹಗಲೆಲ್ಲ ಆತನು ಹೆಚ್ಚು ಮಾತನಾಡಿದವನಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಮೈಕು ಕೈಯಿಂದ ಕೈಗೆ ಸಾಗಿ ಆತನ ಬಳಿಗೆ ಬರುತ್ತದೆ. ಹಾಡಿನ ಹೆಸರನ್ನು ಆತನು ಹೇಳುವ ಮೊದಲೇ ಪಕ್ಕದವರಿಗೆಲ್ಲ ಅದು ಯಾವುದೆಂದು ಗೊತ್ತು. ವರ್ಷಗಟ್ಟಲೆ ಆತನು ಹಾಡುತ್ತ ಬಂದಿರುವುದು ಅದೊಂದನ್ನೇ.

ಹೀಗೆ ಪ್ರತಿಯೊಬ್ಬನಿಗೂ ತನ್ನದೇ ಆದ ಒಂದು ಹಾಡು ಇರುವುದು ಜಪಾನಿನಲ್ಲಿ ರೂಢಿ. ಅದಕ್ಕೆ 'ಜೂಹಚಿಬಾನ್', ಎಂದರೆ 'ಹದಿನೆಂಟನೆಯದು', ಎಂಬ ಹೆಸರುಂಟು. ಕಬುಕಿ ನಾಟಕದ ಇಚಿಕಾವ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ಮನೆಯ ಹೆಗ್ಗಳಿಕೆಯ ಹದಿನೆಂಟು ನಾಟಕಗಳನ್ನು ಆರಿಸಿಟ್ಟುಕೊಂಡರು. ಅಂದಿನಿಂದ ಒಬ್ಬನ ಕೈವಶವಾದ ವಿದ್ಯೆಗೆಲ್ಲ ಈ ಮಾತು ಸಲ್ಲುತ್ತಿದೆ.

ಅದೇ ಹಾಡು ಏಕೆ? ಕಳೆದ ತಿಂಗಳು ಕೇಳಿದ ಹಾಡನ್ನು ಆತನು ಏಕೆ ಆರಿಸಿಕೊಳ್ಳುವುದಿಲ್ಲ? ಇದು ಬರಿಯ ಅಭಿರುಚಿಯ ಪ್ರಶ್ನೆಯೆಂದು ತೋರಬಹುದು. ಆದರೆ ಇದರ ಉತ್ತರವನ್ನು ಹುಡುಕುತ್ತ ಹೊರಟರೆ ಒಂದು ಯಂತ್ರ, ಒಂದು ಸ್ವರಶ್ರೇಣಿ, ಒಂದು ರೈಲು ಮತ್ತು ಮನುಷ್ಯನ ಮಿದುಳು ಇಷ್ಟನ್ನೂ ನಾವು ಒಂದೊಂದಾಗಿ ನೋಡಬೇಕಾಗುತ್ತದೆ.

ಯಂತ್ರದಿಂದ ಮೊದಲುಮಾಡೋಣ. 'ಕರ' ಎಂದರೆ ಬರಿದು. 'ಓಕೆ' ಎಂಬುದು 'ಆರ್ಕೆಸ್ಟ್ರಾ' ಎಂಬ ಮಾತಿನ ಜಪಾನೀ ರೂಪದ ಮೊದಲ ತುಣುಕು. ಗಾಯಕನಿಲ್ಲದೆ ಬರಿಯ ಪಕ್ಕವಾದ್ಯಗಳಿಂದ ಕೂಡಿದ ಧ್ವನಿಮುದ್ರಿಕೆಯೇ ಕರೋಕೆ. ಇದಕ್ಕಾಗಿ ಯಂತ್ರವನ್ನು ಮಾಡಿದವರು ಒಬ್ಬರಲ್ಲ. ತೋಕಿಯೋ ನಗರದಲ್ಲಿ ನೆಗಿಶಿ ಶಿಗೆಇಚಿ ಎಂಬವರು 1967ರಲ್ಲಿಯೇ ಇಂಥದೊಂದು ಪೆಟ್ಟಿಗೆಯನ್ನು ಮಾಡಿದ್ದರು. ಆದರೆ ಲೋಕದಲ್ಲಿ ಹೆಚ್ಚು ಹೆಸರಾದವರು ಕೋಬೆ ನಗರದ ಇನೋವೆ ದೈಸುಕೆ. ಪಾನಗೃಹಗಳಲ್ಲಿ ಗಿರಾಕಿಗಳು ಹಾಡುವಾಗ ಪಕ್ಕವಾದ್ಯ ನುಡಿಸುವುದು ಇವರ ಜೀವನೋಪಾಯವಾಗಿತ್ತು. ಗಿರಾಕಿಗಳಲ್ಲೊಬ್ಬನಾದ ಸಣ್ಣ ಕಂಪನಿಯೊಂದರ ಮುಖ್ಯಸ್ಥನು ಬಿಸಿನೀರಿನ ಬುಗ್ಗೆಗಳ ಊರಿಗೆ ಪ್ರವಾಸ ಹೊರಟಾಗ ಇವರನ್ನೂ ಜೊತೆಗೆ ಕರೆದನು. ಇನೋವೆಯವರಿಗೆ ಬಿಡುವಿರಲಿಲ್ಲ. ಆದುದರಿಂದ ಆತನ ಕಂಠಕ್ಕೆ ಹೊಂದುವ ಶ್ರುತಿಯಲ್ಲಿ ಪಕ್ಕವಾದ್ಯವನ್ನು ನುಡಿಸಿ, ಧ್ವನಿಸುರುಳಿಯಲ್ಲಿ ಮುದ್ರಿಸಿ ಕೊಟ್ಟು ಕಳುಹಿಸಿದರು. ಅದು ಕೆಲಸಕ್ಕೆ ಬಂದಿತು. 1971ರಲ್ಲಿ ಅವರು ಮೋಟಾರು ಕಾರಿನಲ್ಲಿ ಬಳಸುವ ಎಂಟು ಪಥಗಳ ಧ್ವನಿಸುರುಳಿ, ಧ್ವನಿವರ್ಧಕ, ಮೈಕು, ನಾಣ್ಯ ಹಾಕುವ ಡಬ್ಬಿ ಇವನ್ನು ಕೂಡಿಸಿ ಹನ್ನೊಂದು ಯಂತ್ರಗಳನ್ನು ಮಾಡಿಸಿ ಪಾನಗೃಹಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟು ಪಡೆಯುವ ಯೋಚನೆ ಅವರಿಗೆ ಬರಲಿಲ್ಲ. 2004ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಬಹುಮಾನವು ದೊರೆಯಿತು, ಅದೂ ಶಾಂತಿಗಾಗಿ: ಒಬ್ಬರನ್ನೊಬ್ಬರು ಸಹಿಸಿಕೊಳ್ಳುವ ಹೊಸ ದಾರಿಯನ್ನು ಜನರಿಗೆ ಕಲಿಸಿದುದಕ್ಕೆ! ನೆರೆಮನೆಯಲ್ಲಿ ಗಾಯಕರುಳ್ಳ ವಾಚಕರು ಈ ಬಹುಮಾನದ ಔಚಿತ್ಯವನ್ನು ಒಪ್ಪದೆ ಇರಲಾರರು.

ಇಲ್ಲಿ ಶ್ರುತಿಯ ಮಾತು ಬಂದಿತಷ್ಟೆ. ಅದರಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ. ಸುರುಳಿಯು ಓಡುವ ವೇಗವನ್ನು ತಗ್ಗಿಸಿದರೆ ಸ್ವರವು ಕೆಳಗಿಳಿಯುತ್ತದೆ. ಆದರೆ ಹಾಡೂ ನಿಧಾನವಾಗುತ್ತದೆ. ಹಾರ್ಮೋನಿಯಮ್ಮಿನಲ್ಲಿ ಅಕ್ಕಪಕ್ಕದ ಎರಡು ಮನೆಗಳ ಕಂಪನಸಂಖ್ಯೆಗಳಿಗೆ ನಡುವೆ ಶೇಕಡಾ ಆರರಷ್ಟು ಅಂತರವಿರುತ್ತದೆ. ಸೆಕೆಂಡಿಗೆ 440 ಸಲ ಕಂಪಿಸುವ ಸ್ವರದಿಂದ ಎರಡು ಮನೆ ಕೆಳಗಿಳಿದರೆ ಸುಮಾರು 392 ಕಂಪನಗಳು ಉಳಿಯುತ್ತವೆ. ಸುರುಳಿಯ ವೇಗವನ್ನು ತಗ್ಗಿಸಿಯೇ ಇಷ್ಟು ಇಳಿಸಬೇಕೆಂದರೆ, ಮೂರು ನಿಮಿಷದ ಹಾಡು ಮೂರು ನಿಮಿಷ ಇಪ್ಪತ್ತೆರಡು ಸೆಕೆಂಡು ಓಡುತ್ತದೆ. ಹಾಡುವವನಿಗೆ ಎತ್ತರದ ಸ್ವರ ತಪ್ಪಿತು, ನಿಜ. ಆದರೆ ಉಸಿರು ಕಟ್ಟಿತು. ಆ ಮುಖ್ಯಸ್ಥನಿಗಾಗಿ ಇನೋವೆಯವರು ಬೇರೆಯೇ ಶ್ರುತಿಯಲ್ಲಿ ನುಡಿಸಿ ಮುದ್ರಿಸಿದುದರ ಪ್ರಯೋಜನ ಇದರಿಂದ ಸ್ಪಷ್ಟವಾಗುತ್ತದೆ.

ಈ ತೊಡಕನ್ನು ತೀರಿಸಿದ್ದು 1992ರಲ್ಲಿ ಬಂದ ಹೊಸ ಬಗೆಯ ಯಂತ್ರ. ಅದರಲ್ಲಿ ಧ್ವನಿಯ ಮುದ್ರಣವೇ ಇರಲಿಲ್ಲ. ಯಾವ ವಾದ್ಯ, ಯಾವ ಸ್ವರ, ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಎಂಬ ಆಜ್ಞೆಗಳು ಮಾತ್ರ ದೂರವಾಣಿಯ ತಂತಿಯಲ್ಲಿ ಹರಿದು ಬರುತ್ತಿದ್ದವು. ಅವನ್ನು ಓದಿ ನುಡಿಸುವ ಸ್ವರೋತ್ಪಾದಕವು ಪಾನಗೃಹದಲ್ಲಿಯೇ ಇರುತ್ತಿತ್ತು. ನಾಲ್ಕು ನಿಮಿಷದ ಹಾಡನ್ನು ಅಡಕತಟ್ಟೆಯಲ್ಲಿ ಧ್ವನಿಯಾಗಿ ಬರೆಯಲು ನಾಲ್ಕು ಕೋಟಿಗೂ ಮೀರಿದ ಬೈಟುಗಳು ಬೇಕು. ಆಜ್ಞೆಗಳಾಗಿ ಬರೆದರೆ ಕೆಲವು ಹತ್ತು ಸಾವಿರ ಬೈಟುಗಳು ಸಾಕು. ಒಂದರಲ್ಲಿ ಅಡಿಗೆಯನ್ನೇ ಕಳುಹಿಸಿದಂತಾದರೆ, ಇನ್ನೊಂದರಲ್ಲಿ ಅಡಿಗೆ ಮಾಡುವ ಕ್ರಮವನ್ನು ಬರೆದು ಕಳುಹಿಸಿದಂತಾಯಿತು. ಶ್ರುತಿಯನ್ನು ಇಳಿಸಬೇಕಾದರೆ ಪ್ರತಿಯೊಂದು ಸ್ವರದ ಅಂಕದಿಂದಲೂ ಎರಡನ್ನು ಕಳೆದರಾಯಿತು. ಲಯಕ್ಕೆ ಯಾವ ಬಾಧೆಯೂ ಇಲ್ಲ. ಇನ್ನು ಮೈಕಿಗೆ ಜೋಡಿಸಿದ ಪ್ರತಿಧ್ವನಿಯ ಗುಟ್ಟು ನಮ್ಮೆಲ್ಲರಿಗೂ ಬಚ್ಚಲುಮನೆಯಿಂದ ಪರಿಚಿತವೇ ಆಗಿದೆ. ಒಂದು ಸ್ವರವು ಆರುವ ಮೊದಲೇ ಮುಂದಿನದು ಬಂದು ಕೂಡಿಕೊಳ್ಳುವುದರಿಂದ ಸಣ್ಣಪುಟ್ಟ ಅಪಸ್ವರಗಳು ಮುಚ್ಚಿಹೋಗುತ್ತವೆ.

ಈಗ ಹಾಡಿಗೆ ಬರೋಣ. ಕರೋಕೆಯು ಮೊದಲು ಹರಡಿದ 1970 ಮತ್ತು 1980ರ ದಶಕಗಳಲ್ಲಿ ನಡುವಯಸ್ಸಿನ ಗಂಡಸರು ಹೆಚ್ಚಾಗಿ ಹಾಡುತ್ತಿದ್ದುದು 'ಎಂಕ' ಎಂಬ ಜಾತಿಯ ಗೀತೆಗಳನ್ನು. ಬಿಟ್ಟುಬಂದ ಊರು, ಕಡಲತೀರದ ಬಂದರು, ಮಳೆ, ಹಿಮ, ಮದ್ಯ, ಕೈಗೂಡದ ಪ್ರೇಮ ಇವೇ ಅವುಗಳ ವಸ್ತು. ಇವುಗಳಲ್ಲಿ ಬಹುಪಾಲು 'ಯೊನನುಕಿ' ಎಂಬ ಶ್ರೇಣಿಯಲ್ಲಿವೆ. 'ಯೊ' ಎಂದರೆ ನಾಲ್ಕು, 'ನ' ಎಂದರೆ ಏಳು, 'ನುಕಿ' ಎಂದರೆ ತೆಗೆದದ್ದು. ಏಳು ಸ್ವರಗಳಲ್ಲಿ ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟರೆ ಉಳಿಯುವ ಐದು ಸ್ವರಗಳ ಶ್ರೇಣಿ ಇದು. ಶಂಕರಾಭರಣದಿಂದ ಮಧ್ಯಮ ನಿಷಾದಗಳನ್ನು ತೆಗೆದರೆ ಏನು ಉಳಿಯುವುದೆಂದು ಸಂಗೀತಾಭ್ಯಾಸವುಳ್ಳ ವಾಚಕರಿಗೆ ಹೇಳಬೇಕಾಗಿಲ್ಲ; ಅವು ನಮ್ಮ ಮೋಹನದ ಸ್ವರಗಳೇ. ವಿಷಾದದ ಗೀತೆಗಳಿಗೆ ಇದರ ಇನ್ನೊಂದು ರೂಪವನ್ನು ಬಳಸುತ್ತಾರೆ. ನಠಭೈರವಿಯ ಸ್ವರಗಳಿಂದ ಅವೇ ಎರಡನ್ನು ತೆಗೆದರೆ ಅದು ಸಿಕ್ಕುತ್ತದೆ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೂ ಎಂಕದ ಗಾಯಕರು ಸ್ವರವನ್ನು ಹಿಡಿದು ನಡುಗಿಸಿ ಸುತ್ತಿ ಬಿಡುವ 'ಕೊಬುಶಿ' ಎಂಬ ಅಲಂಕಾರವನ್ನು ಕೇಳಿದಾಗ, ಗಮಕಕ್ಕೆ ಒಗ್ಗಿದ ನಮ್ಮ ಕಿವಿಗೆ ಅದು ಪರಕೀಯವೆಂದು ತೋರುವುದಿಲ್ಲ.

ಎಂಕವು ಜಪಾನಿನ ಪುರಾತನ ಸಂಪತ್ತೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಪಾಶ್ಚಾತ್ಯ ಸಂಗೀತವು ಶಾಲೆಗಳ ಮೂಲಕ ಜಪಾನನ್ನು ಹೊಕ್ಕ ಮೇಲೆ, ಎರಡರ ಬೆರಕೆಯಿಂದ ಬೆಳೆದ ಸಂಗೀತ ಇದು. ಕೋಗ ಮಸಾವೊ ಅವರು 1930ರ ದಶಕದಲ್ಲಿ ರಚಿಸಿದ ಗೀತೆಗಳಲ್ಲಿ ಗಿಟಾರು ಎದ್ದು ಕೇಳಿಸುತ್ತದೆ. 'ಎಂಕ' ಎಂಬ ಹೆಸರಿಗೆ ಇಂದಿನ ಅರ್ಥವು ನೆಲೆಗೊಂಡದ್ದು 1960ರ ದಶಕದ ಕೊನೆಯ ಸುಮಾರಿಗೆ. ಆದುದರಿಂದ ಅದರ ಹಳಮೆಯು ಕೇಳುವವರ ಮನಸ್ಸಿನಲ್ಲಿ ಇರುವಷ್ಟು ಕಾಲಗಣನೆಯಲ್ಲಿ ಇಲ್ಲ.

ಹಾಗಾದರೆ ಆ ಗಂಡಸರಿಗೆ ಇವು ಅಷ್ಟು ಆಪ್ತವಾದದ್ದು ಹೇಗೆ? ಇಲ್ಲಿ ರೈಲಿನ ಪ್ರಸಂಗವು ಬರುತ್ತದೆ.

ಯುದ್ಧಾನಂತರದ ಜಪಾನಿನಲ್ಲಿ ನಗರದ ಕಾರ್ಖಾನೆಗಳಿಗೂ ಅಂಗಡಿಗಳಿಗೂ ಕೈಗಳು ಸಾಲದಾದವು. ಈಶಾನ್ಯ ಭಾಗದ ಹಳ್ಳಿಗಳಲ್ಲಿ ಹೊಲವು ಹಿರಿಯ ಮಗನಿಗೆ ಸಲ್ಲುತ್ತಿತ್ತು. ಉಳಿದ ಮಕ್ಕಳಿಗೆ ದಾರಿ ಇರಲಿಲ್ಲ. ಮಾಧ್ಯಮಿಕ ಶಾಲೆಯನ್ನು ಮುಗಿಸಿದ ಹದಿನೈದು ವರ್ಷದ ಹುಡುಗ ಹುಡುಗಿಯರನ್ನು ಶಾಲೆಗಳೂ ಉದ್ಯೋಗ ಕಚೇರಿಗಳೂ ಸೇರಿ ಗುಂಪುಗುಂಪಾಗಿ ವಿಶೇಷ ರೈಲುಗಳಲ್ಲಿ ತೋಕಿಯೋ ನಗರಕ್ಕೆ ಕಳುಹಿಸತೊಡಗಿದವು. ಅಓಮೊರಿಯಿಂದ ಇಂಥ ಮೊದಲ ರೈಲು 1954ರ ವಸಂತದಲ್ಲಿ ಹೊರಟಿತು, ಕೊನೆಯದು 1975ರಲ್ಲಿ. ಏಳುನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಸಮವಸ್ತ್ರ ತೊಟ್ಟು, ಒಂದು ಚೀಲ ಹಿಡಿದು ರಾತ್ರಿಯೆಲ್ಲ ಪ್ರಯಾಣಮಾಡಿ ಉಎನೊ ನಿಲ್ದಾಣದಲ್ಲಿ ಇಳಿದ ಆ ಮಕ್ಕಳನ್ನು, ಹೆಸರು ಬರೆದ ಹಲಗೆಗಳನ್ನು ಎತ್ತಿಹಿಡಿದ ಮಾಲೀಕರು ಹಂಚಿಕೊಂಡು ಕರೆದೊಯ್ಯುತ್ತಿದ್ದರು. ಪತ್ರಿಕೆಗಳು ಇವರನ್ನು 'ಚಿನ್ನದ ಮೊಟ್ಟೆ'ಗಳೆಂದು ಕರೆದವು. ಮೊಟ್ಟೆ ಯಾರ ಪಾಲಿಗೆ ಚಿನ್ನವಾಯಿತೆಂಬುದನ್ನು ವಾಚಕರೇ ಊಹಿಸಬಹುದು.

1964ರಲ್ಲಿ ಅಓಮೊರಿ ಸೀಮೆಯವರೇ ಆದ ಇಜಾವ ಹಚಿರೋ ಎಂಬ ಗಾಯಕರು ಉಎನೊ ನಿಲ್ದಾಣವನ್ನು ಕುರಿತು ಒಂದು ಗೀತೆಯನ್ನು ಹಾಡಿದರು. ಅಂಥ ಒಬ್ಬ ಹುಡುಗನು ಆ ನಿಲ್ದಾಣದಲ್ಲಿ ತನ್ನ ಊರನ್ನು ನೆನೆಯುವುದೇ ಅದರ ವಿಷಯ. ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. 1945ರಲ್ಲಿ ಹುಟ್ಟಿ, 1960ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ರೈಲು ಹತ್ತಿದವನಿಗೆ ಈ ಗೀತೆಯು ಕಿವಿಗೆ ಬಿದ್ದಾಗ ಹತ್ತೊಂಬತ್ತು ವರ್ಷ. ಕೋಬೆಯಲ್ಲಿ ಕರೋಕೆ ಯಂತ್ರವು ಬಂದಾಗ ಇಪ್ಪತ್ತಾರು. ಓಕಯಾಮ ಪ್ರಾಂತದಲ್ಲಿ ಸಾಮಾನು ಸಾಗಿಸುವ ಹಳೆಯ ಕಬ್ಬಿಣದ ಪೆಟ್ಟಿಗೆಗಳನ್ನು ಹಾಡುವ ಕೋಣೆಗಳಾಗಿ ಮಾರ್ಪಡಿಸಿದ 1985ರ ಹೊತ್ತಿಗೆ ನಲವತ್ತು. ಊರಿನ ವಿಚಾರವನ್ನು ಯಾರೊಡನೆಯೂ ಬಾಯಿಬಿಟ್ಟು ಆಡದೆ ಇಪ್ಪತ್ತೈದು ವರ್ಷ ದುಡಿದವನ ಕೈಗೆ ಮೈಕು ಬಂದದ್ದು ಹೀಗೆ. ಆಡಿದರೆ ದೌರ್ಬಲ್ಯವೆನಿಸುವ ಮಾತು, ಹಾಡಿದರೆ ವಿನೋದವೆನಿಸಿಕೊಳ್ಳುತ್ತದೆ.

ಇಶಿಕಾವ ಸಯುರಿ ಎಂಬ ಗಾಯಕಿಯು 1977ರಲ್ಲಿ ಹಾಡಿದ ತ್ಸುಗರು ಜಲಸಂಧಿಯ ಗೀತೆಯೂ ಇಂಥದೇ. ಅದರಲ್ಲಿ ಉಎನೊ ನಿಲ್ದಾಣದ ರಾತ್ರಿಯ ರೈಲಿನಲ್ಲಿ ಉತ್ತರಕ್ಕೆ ಬಂದ ಹೆಣ್ಣೊಬ್ಬಳು ಅಓಮೊರಿಯಲ್ಲಿ ಇಳಿದು, ಜಲಸಂಧಿಯನ್ನು ದಾಟುವ ಹಡಗನ್ನು ಹತ್ತುತ್ತಾಳೆ. 1988ರಲ್ಲಿ ಅದೇ ಜಲಸಂಧಿಯ ತಳದಲ್ಲಿ 53.85 ಕಿಲೋಮೀಟರ್ ಉದ್ದದ ಸುರಂಗವು ತೆರೆಯಿತು. ರೈಲ್ವೆಯ ಆ ಹಡಗುಗಳು ನಿಂತುಹೋದವು. ಇಂದು ಅತಿವೇಗದ ರೈಲು ಸುರಂಗದೊಳಗೆ ಹಾದುಹೋಗುತ್ತದೆ. ಹಡಗು ಇಲ್ಲವಾಯಿತೆಂದು ಗೀತೆಯನ್ನು ಯಾರೂ ಬಿಟ್ಟಿಲ್ಲ.

ಊರಿನ ಹಂಬಲವನ್ನು ಶಾಸ್ತ್ರವು ಮೊದಲು ರೋಗವೆಂದೇ ಎಣಿಸಿತ್ತು. 1688ರಲ್ಲಿ ಬಾಸೆಲ್ ನಗರದ ವೈದ್ಯ ವಿದ್ಯಾರ್ಥಿ ಯೊಹಾನೆಸ್ ಹೋಫರ್ ಎಂಬವನು, ದೂರದೇಶದಲ್ಲಿದ್ದ ಸ್ವಿಸ್ ಜನರಲ್ಲಿ ಕಂಡ ಕೊರಗಿಗೆ ಮರಳುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಶಬ್ದಗಳನ್ನು ಜೋಡಿಸಿ 'ನಾಸ್ಟಾಲ್ಜಿಯ' ಎಂದು ಹೆಸರಿಟ್ಟನು. ಸ್ವಿಸ್ ಸಿಪಾಯಿಗಳ ನಡುವೆ ದನಗಾಹಿಗಳ ಒಂದು ರಾಗವನ್ನು ನುಡಿಸಕೂಡದೆಂದು ನಿಷೇಧವಿದ್ದಿತೆಂದೂ, ಅದನ್ನು ಕೇಳಿದವರು ಅತ್ತು ಸೈನ್ಯವನ್ನು ಬಿಟ್ಟು ಓಡಿಹೋಗುತ್ತಿದ್ದರೆಂದೂ ರೂಸೋ 1768ರ ತನ್ನ ಸಂಗೀತದ ನಿಘಂಟಿನಲ್ಲಿ ಬರೆದಿದ್ದಾನೆ. ಜಪಾನೀ ಭಾಷೆಯ 'ನತ್ಸುಕಶೀ' ಎಂಬ ಮಾತು ಇಷ್ಟು ಕಠೋರವಲ್ಲ. ಅದರಲ್ಲಿ ನೋವಿಗಿಂತ ಅಕ್ಕರೆಯೇ ಹೆಚ್ಚು. ಆ ಮಾತಿಗೆ 'ಮೆಲೊಡಿ'ಯನ್ನು ಸೇರಿಸಿ ಮೊಟಕುಮಾಡಿ, ಹಳೆಯ ಹಾಡುಗಳನ್ನು 'ನತ್ಸುಮೆರೊ' ಎನ್ನುತ್ತಾರೆ.

ಈ ಕಾಲದ ಮನಶ್ಶಾಸ್ತ್ರವು ಅಳತೆಯ ಮೂಲಕ ನಡೆಯಲು ಯತ್ನಿಸಿದೆ. ವಯಸ್ಸಾದವರನ್ನು ಬಾಳಿನ ಘಟನೆಗಳನ್ನು ಹೇಳಿರೆಂದು ಕೇಳಿದಾಗ, ನೆನಪುಗಳು ಎಲ್ಲ ವಯಸ್ಸಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಹತ್ತರಿಂದ ಮೂವತ್ತರವರೆಗಿನ ಅವಧಿಯಲ್ಲಿ ಅವು ದಿಬ್ಬದಂತೆ ಉಬ್ಬಿರುತ್ತವೆ. ಹಾಡಿಗೂ ಇದು ಅನ್ವಯಿಸುತ್ತದೆ. ಅಮೆರಿಕದ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬವರು 16ರಿಂದ 86 ವರ್ಷದವರೆಗಿನ 108 ಜನರಿಗೆ 1932ರಿಂದ 1986ರ ನಡುವಣ 28 ಜನಪ್ರಿಯ ಗೀತೆಗಳ ತುಣುಕುಗಳನ್ನು ಕೇಳಿಸಿದರು. ತಮಗೆ ಸುಮಾರು ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಪ್ರಚಾರದಲ್ಲಿದ್ದ ಗೀತೆಯೇ ಅವರಿಗೆ ಹೆಚ್ಚು ಹಿಡಿಸಿತೆಂದು 1989ರಲ್ಲಿ ಪ್ರಕಟವಾದ ಫಲಿತಾಂಶವು ತೋರಿಸಿತು. ಆ ಬಳಿಕ ನಡೆದ ಪರೀಕ್ಷೆಗಳಲ್ಲಿ ಈ ಶಿಖರವು ಇನ್ನೂ ಎಳೆಯ ವಯಸ್ಸಿಗೆ, ಹದಿನಾಲ್ಕು ಹದಿನೇಳರ ಸುಮಾರಿಗೆ, ಸರಿದದ್ದೂ ಉಂಟು.

ಕ್ಯಾಲಿಫೋರ್ನಿಯದ ಪೀಟರ್ ಜನಾತ ಅವರು 2009ರಲ್ಲಿ ಇನ್ನೊಂದು ಬಗೆಯ ಪರೀಕ್ಷೆಯನ್ನು ವರದಿಮಾಡಿದರು. ಹದಿಮೂರು ವಿದ್ಯಾರ್ಥಿಗಳಿಗೆ ಅವರ ಬಾಲ್ಯ ಮತ್ತು ಹರೆಯದ ಕಾಲದ ಹಾಡುಗಳನ್ನು ಕೇಳಿಸುತ್ತ, ಮಿದುಳಿನ ರಕ್ತಸಂಚಾರವನ್ನು ಕಾಂತೀಯ ಯಂತ್ರದಿಂದ ಚಿತ್ರಿಸಿದರು. ಹಾಡು ಪರಿಚಿತವಾಗಿದ್ದು ಸ್ವಂತ ನೆನಪೊಂದನ್ನು ಎಬ್ಬಿಸಿದಾಗ, ಹಣೆಯ ಹಿಂಬದಿಯಲ್ಲಿ ನಡುಗೆರೆಗೆ ಹೊಂದಿಕೊಂಡಿರುವ ಭಾಗವು ಚುರುಕಾಯಿತು. ನಮ್ಮನ್ನು ಕುರಿತು ನಾವೇ ಯೋಚಿಸುವಾಗ ಕೆಲಸಮಾಡುವ ಭಾಗವೂ ಇದೇ. ಮರೆವಿನ ವ್ಯಾಧಿಯಾದ ಆಲ್‌ಝೈಮರ್ ರೋಗದಲ್ಲಿ, ಬಹುಕಾಲದಿಂದ ಬಲ್ಲ ಹಾಡುಗಳಿಗೆ ಸಂಬಂಧಪಟ್ಟ ಮಿದುಳಿನ ಭಾಗಗಳು ಇತರ ಭಾಗಗಳಷ್ಟು ಬೇಗ ಕ್ಷಯಿಸುವುದಿಲ್ಲವೆಂದು ಲೈಪ್‌ಜಿಗ್ ನಗರದ ಸಂಶೋಧಕರು 2015ರಲ್ಲಿ ತೋರಿಸಿದರು. ಮಗನ ಹೆಸರನ್ನು ಮರೆತವನು ಹಾಡಿನ ಮುಂದಿನ ಸಾಲನ್ನು ಹಾಡುವುದು ಇದರಿಂದ ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ.

ಹರೆಯದ ನೆನಪುಗಳೇ ಏಕೆ ಹೀಗೆ ನಿಲ್ಲುತ್ತವೆ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಮೊದಲ ದುಡಿಮೆ, ಮೊದಲ ಪ್ರೇಮ, ಮನೆಯಿಂದ ಮೊದಲ ಅಗಲಿಕೆ ಎಲ್ಲವೂ ಆಗ ಒದಗುವುದರಿಂದ ಎಂದು ಕೆಲವರು. ಮಿದುಳು ಆಗ ಚುರುಕಾಗಿರುವುದರಿಂದ ಎಂದು ಕೆಲವರು. 'ನಾನು ಇಂಥವನು' ಎಂಬ ಭಾವನೆಯು ಆಗ ಗಟ್ಟಿಯಾಗುವುದರಿಂದ ಎಂದು ಮತ್ತೆ ಕೆಲವರು ಹೇಳುತ್ತಾರೆ. ಉಎನೊ ನಿಲ್ದಾಣದ ಹುಡುಗರಿಗೆ ಮೊದಲನೆಯದೂ ಮೂರನೆಯದೂ ಒಂದೇ ದಿನದಲ್ಲಿ ಒದಗಿದ್ದವೆಂದು ನಮಗೆ ತೋರುತ್ತದೆ.

ಈ ವಾದವು ಸರಿಯಾಗಿದ್ದರೆ ಅದರಿಂದ ಒಂದು ಫಲಿತವು ಹೊರಡಬೇಕು: ನಡುವಯಸ್ಸಿನವರ ಹಾಡೆಂಬುದು ಕಾಲದೊಡನೆ ಮುಂದೆ ಸಾಗುತ್ತಿರಬೇಕು. ಹಾಗೆಯೇ ಆಗಿದೆ. ಇಂದು ಐವತ್ತನ್ನು ದಾಟಿದ ಜಪಾನೀ ಗೃಹಸ್ಥನ ನೆನಪಿನ ಹಾಡು ಎಂಕವಾಗಿರುವುದು ವಿರಳ. 1970ರ ದಶಕದ ಮೊದಲಲ್ಲಿ ಹುಟ್ಟಿದವನು, ಓಜಾಕಿ ಯುತಾಕ ಎಂಬ ಗಾಯಕನು ಶಾಲೆಯ ಮೇಲೂ ಹಿರಿಯರ ಮೇಲೂ ಸಿಡಿದೆದ್ದ ಹದಿಹರೆಯದವರ ಗೀತೆಗಳನ್ನು 1983 ಮತ್ತು 1985ರಲ್ಲಿ ಹೊರತಂದಾಗ ಶಾಲಾಬಾಲಕ. ಚಾಗೆ ಮತ್ತು ಅಸುಕ ಜೋಡಿಯ ಪ್ರೇಮಗೀತೆಯು 1991ರಲ್ಲಿ ಮನೆಮಾತಾದಾಗಲೂ, 'ಮಿಸ್ಟರ್ ಚಿಲ್ಡ್ರನ್' ತಂಡದ ಹಾಡುಗಳು 1994ರಲ್ಲಿ ಎಲ್ಲೆಡೆ ಕೇಳಿಸಿದಾಗಲೂ ಆತನು ಯುವಕ. ಓಜಾಕಿ 1992ರಲ್ಲಿ ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಹಿರಿಯರನ್ನು ಧಿಕ್ಕರಿಸುವ ಆತನ ಗೀತೆಗಳನ್ನು ಇಂದು ಕಚೇರಿಯ ಮೇಲಧಿಕಾರಿಗಳು ಕಣ್ಣುಮುಚ್ಚಿಕೊಂಡು ಹಾಡುತ್ತಾರೆ. ಇವುಗಳಲ್ಲಿ ಬಂದರಿಲ್ಲ, ಹಿಮವಿಲ್ಲ, ಕೊಬುಶಿಯೂ ಇಲ್ಲ. ಆದರೂ ಕಣ್ಣು ತೇವವಾಗುವುದರಲ್ಲಿ ವ್ಯತ್ಯಾಸ ಕಾಣದು. ಆದುದರಿಂದ ಹಳೆಯ ನೆನಪನ್ನು ಎಬ್ಬಿಸುವ ಶಕ್ತಿಯು ಯೊನನುಕಿ ಶ್ರೇಣಿಗೆ ಸೇರಿದುದೆಂಬ ಊಹೆಯನ್ನು ನಾವು ಕೈಬಿಡಬೇಕಾಗುತ್ತದೆ.

ಒಂದು ತಿದ್ದುಪಡಿ ಅಗತ್ಯ. ಕ್ರಮ್‌ಹನ್ಸಲ್ ಮತ್ತು ಜುಪ್‌ನಿಕ್ ಎಂಬವರು 2013ರಲ್ಲಿ ಇಪ್ಪತ್ತರ ಹರೆಯದವರನ್ನು ಪರೀಕ್ಷಿಸಿದಾಗ, ತಮ್ಮ ಕಾಲದ ಹಾಡುಗಳ ಜೊತೆಗೆ ತಂದೆತಾಯಿಗಳ ಹರೆಯದ ಹಾಡುಗಳೂ ಅವರಲ್ಲಿ ನೆನಪುಗಳನ್ನು ಎಬ್ಬಿಸಿದುದು ಕಂಡುಬಂದಿತು. ತಾನು ಹುಟ್ಟುವ ಮೊದಲಿನ ಹಾಡನ್ನು ಮಗನು ಅಪ್ಪನ ಬಾಯಿಂದ ಕೇಳಿ ಕಲಿತಿರುತ್ತಾನೆ. ನಮ್ಮ ಊರುಗಳಲ್ಲಿಯೂ ಈಚೆಗೆ ಕರೋಕೆ ಗಾಯನದ ಕೂಟಗಳು ನಡೆಯುತ್ತಿವೆ. ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾದವರು ರಾಜಕುಮಾರರ ಚಿತ್ರಗಳಿಗಾಗಿ ಪಿ. ಬಿ. ಶ್ರೀನಿವಾಸರು ಹಾಡಿದ ಹಾಡುಗಳನ್ನು ಅಲ್ಲಿ ಹಾಡುವಾಗ, ಕೆಳಗೆ ಕುಳಿತ ಮಕ್ಕಳು ತುಟಿ ಆಡಿಸುವುದನ್ನು ನಾವು ಕಂಡಿದ್ದೇವೆ.

ಕೊನೆಗೆ ಆ ಗೃಹಸ್ಥನ ಬಳಿಗೇ ಮರಳೋಣ. ವಯಸ್ಸಾದಂತೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯು ಗಡುಸಾಗುತ್ತ ಹೋಗುತ್ತದೆ. ಧ್ವನಿತಂತುಗಳ ಎಳೆತವೂ ಕುಂದುತ್ತದೆ. ಇಪ್ಪತ್ತರಲ್ಲಿ ನಿಲುಕುತ್ತಿದ್ದ ಮೇಲಿನ ಸ್ವರಗಳು ಐವತ್ತೈದರಲ್ಲಿ ನಿಲುಕುವುದಿಲ್ಲ. ಆದರೆ ನೆನಪು ಕೆಳಗಿಳಿಯುವುದಿಲ್ಲ. ಅಮೆರಿಕದ ಡೇನಿಯಲ್ ಲೆವಿಟಿನ್ 1994ರಲ್ಲಿ ಸಾಮಾನ್ಯ ವಿದ್ಯಾರ್ಥಿಗಳಿಗೆ ಮೆಚ್ಚಿನ ಹಾಡನ್ನು ನೆನಪಿನಿಂದ ಹಾಡಲು ಹೇಳಿದಾಗ, ನೂರಕ್ಕೆ ನಲವತ್ತು ಜನರು ಎರಡು ಸಲದಲ್ಲಿ ಒಂದು ಸಲವಾದರೂ ಧ್ವನಿಮುದ್ರಿಕೆಯಲ್ಲಿದ್ದ ಶ್ರುತಿಯನ್ನೇ ಹಿಡಿದರು. ಹಾಡಿನ ಜೊತೆಗೆ ಅದರ ಎತ್ತರವೂ ಮನಸ್ಸಿನಲ್ಲಿ ಉಳಿದಿರುತ್ತದೆಂದಾಯಿತು. ಆದುದರಿಂದ ಯಂತ್ರವು ಶ್ರುತಿಯನ್ನು ಇಳಿಸಿ ನುಡಿಸಿದಾಗ, ಮೊದಲ ನಾಲ್ಕಾರು ಸ್ವರಗಳವರೆಗೆ ಆತನಿಗೆ ಅದು ತನ್ನ ಹಾಡಲ್ಲವೆಂಬಂತೆ ಕೇಳಿಸುವುದು ಸಹಜ. ಬಳಿಕ ಮಾತುಗಳು ಬರುತ್ತವೆ, ಕಿವಿಯು ಹೊಂದಿಕೊಳ್ಳುತ್ತದೆ. ಮೂರು ಮನೆ ಇಳಿಸಿರೆಂದು ಆತನು ಎಲ್ಲರ ಮುಂದೆ ಕೇಳಿಕೊಳ್ಳಬೇಕಾಗಿಯೂ ಇಲ್ಲ. ಆತನು ಮೈಕನ್ನು ಹಿಡಿಯುವ ಹೊತ್ತಿಗೆ ಮಾಮಾ ಆ ಗುಂಡಿಯನ್ನು ಮೂರು ಸಲ ಒತ್ತಿಯಾಗಿರುತ್ತದೆ.